ಹದಿನೇಳನೇ ಕೊಕ್ಕೆ

ಕೂತಲ್ಲಿ ಕೂರದವನು, ನಿಂತಲ್ಲಿ ನಿಲ್ಲದವನು ಎಂದು ಬಂಧುಬಳಗದಲ್ಲೆಲ್ಲ ಹೆಸರಾಗಿದ್ದ ಮುದುಕ ಅವತ್ತೊಂದು ದಿನ ಮಾತ್ರ ಕಾರಿನ ಸೀಟಿಗೆ ಅಂಟಿಕೊಂಡು ಕೂತುಬಿಟ್ಟ. ಮಗಳು ಕಾರು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಕನ್ನಡಿಯಲ್ಲಿ ತಲೆ ಸರಿಮಾಡಿಕೊಂಡು, ಕೆಳಗಿಳಿದು, ಸುತ್ತಿ ಬಂದು ಅವನ ಕಡೆಯ ಬಾಗಿಲು ತೆಗೆದಳು. ಅವನು ಬೆಲ್ಟನ್ನೂ ಬಿಚ್ಚಿರಲಿಲ್ಲ. ಗಾಜಿನಾಚೆ ಕಾಣುತ್ತಿದ್ದ ಎತ್ತರದ ಇಟ್ಟಿಗೆ ಗೋಡೆಯನ್ನೇ ನೋಡುತ್ತಿದ್ದ.

“ಇಳಿಯಪ್ಪ. ಮನೇಲಿ ನಿಮಿಷಕ್ಕೊಂದು ಸಲ ಏಳ್ತೀಯ, ಇಲ್ಲಿ ಏಳು ಅಂದ್ರೆ ಏಳಲ್ಲ” ಎಂದಳು ಮಗಳು.

ಅವಳದು ಡ್ರೈವಿಂಗ್ ಸ್ಕೂಲು. ಬ್ರೇಕು ಯಾವುದು, ಕ್ಲಚ್ಚು ಯಾವುದು ಎಂದು ತಿಳಿಯದವರನ್ನು ಪಕ್ಕದಲ್ಲಿ ಕೂರಿಸಿಕೊಂಡು ದಿನವಿಡೀ ಪ್ರಾಣ ಒತ್ತೆ ಇಡುವವಳು. ಹೊರಗಿನವರ ಮೇಲೆ ಅಷ್ಟೊಂದು ತಾಳ್ಮೆ ಖರ್ಚು ಮಾಡಿದವಳಿಗೆ ಅಪ್ಪನ ಪಾಲಿಗೆ ಉಳಿಯುತ್ತಿದ್ದದ್ದು ಚೂರುಪಾರು. ತಪ್ಪು ಅವಳದಲ್ಲ. ಇವನು ಎಂಥ ಅಪ್ಪ ಎಂದರೆ, ಬೆಕ್ಕು ಮರಿಗಳನ್ನು ಕಚ್ಚಿಕೊಂಡು ತಿರುಗಿದ ಹಾಗೆ ಹೆಂಡತಿ ಮಗಳನ್ನು ಕಟ್ಟಿಕೊಂಡು ಹನ್ನೊಂದು ಮನೆ ಬದಲಾಯಿಸಿದ್ದ. ಎಷ್ಟು ಕೆಲಸ ಹಿಡಿದು ಬಿಟ್ಟನೆಂಬುದು ಅವನಿಗೇ ನೆನಪಿಲ್ಲ. ಊಟಕ್ಕೆ ಕೂತರೆ ಅರ್ಧಕ್ಕೆದ್ದು ಕಿಟಕಿಗೆ ಹೋಗಿ ಬರುತ್ತಿದ್ದ. ಇದೆಲ್ಲ ಸಾಲದೆಂಬಂತೆ ಇನ್ನೊಂದು ವಿಚಿತ್ರ ಅಭ್ಯಾಸ: ಮಿಕ್ಸಿ ಹಾಕುವ ಮೊದಲು, ವಾಷಿಂಗ್ ಮಷೀನಿನ ಗುಂಡಿ ಒತ್ತುವ ಮೊದಲು, ಲಿಫ್ಟಿನ ಬಾಗಿಲು ಎಳೆಯುವ ಮೊದಲು ಬೆರಳ ಗೆಣ್ಣಿನಿಂದ ಮೂರು ಸಲ ಬಡಿದು, ತುಟಿಯೊಳಗೇ ಇಪ್ಪತ್ತು ಎಣಿಸುತ್ತಿದ್ದ. “ನಮ್ಮನೆಯವರು ಮಿಕ್ಸಿಗೂ ಮುಹೂರ್ತ ನೋಡ್ತಾರೆ” ಎಂದು ಹೆಂಡತಿ ನಾಲ್ಕು ಜನರ ಮುಂದೆ ನಗುತ್ತಿದ್ದಳು. ನಗುತ್ತಲೇ ಇದ್ದು ನಾಲ್ಕು ವರ್ಷದ ಹಿಂದೆ ತೀರಿಕೊಂಡಳು. ಅವಳಿಗೂ ಅವನು ಕಾರಣ ಹೇಳಿರಲಿಲ್ಲ.

ಅಪ್ಪನಿಗೆ ಎಪ್ಪತ್ತು ತುಂಬಿತು, ಅವನು ಪ್ರಾಯದಲ್ಲಿ ದುಡಿದ ಬಂದರಿನ ಊರನ್ನೊಮ್ಮೆ ತೋರಿಸಿಕೊಂಡು ಬರೋಣ ಎಂಬ ಯೋಚನೆ ಮಗಳದ್ದು. ಮೂರು ವಾರ ಅವನು ಒಪ್ಪಲಿಲ್ಲ. ಮಂಡಿನೋವು ಎಂದ, ಬಿಸಿಲು ಎಂದ, ಅಲ್ಲೇನಿದೆ ಬರೀ ಕಲ್ಲು ಎಂದ. ಮೂರು ವಾರದ ಮೇಲೆ ಒಂದು ಬೆಳಿಗ್ಗೆ ಅರ್ಧ ಗಡ್ಡ ಬೋಳಿಸಿಕೊಂಡು, ಇನ್ನರ್ಧ ಕೆನ್ನೆಯಲ್ಲಿ ನೊರೆ ಇಟ್ಟುಕೊಂಡೇ ಹೊರಗೆ ಬಂದು, “ಹೋಗೋಣ” ಎಂದ. ಮಗಳು ಖುಷಿಪಟ್ಟಳು. ಅವನು ಹೊರಟದ್ದು ಊರು ನೋಡಲಿಕ್ಕಲ್ಲ, ಒಬ್ಬ ಹೆಂಗಸಿಗೆ ಒಂದು ಮಾತು ಹೇಳಲಿಕ್ಕೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಆ ಹೆಂಗಸು ಬದುಕಿದ್ದಾಳೋ ಇಲ್ಲವೋ ಎಂಬುದು ಅವನಿಗೂ ಗೊತ್ತಿರಲಿಲ್ಲ. ಮಾತು ಚಿಕ್ಕದು, ಮೂರೇ ಪದ. ಹೇಳದೆ ಸತ್ತರೆ ತನಗೆ ಸಾವಿನಲ್ಲೂ ಕೂರಲು ಜಾಗ ಸಿಗುವುದಿಲ್ಲ ಎಂದು ಅವನಿಗೆ ಆ ಬೆಳಿಗ್ಗೆ ಕನ್ನಡಿಯ ಮುಂದೆ ಖಾತ್ರಿಯಾಗಿತ್ತು.

ನಲವತ್ತೊಂದು ವರ್ಷದ ಹಿಂದೆ ಈ ಊರಲ್ಲಿ ಅವನನ್ನು ಹ್ಯಾಂಡ್ಲಣ್ಣ ಎಂದು ಕರೆಯುತ್ತಿದ್ದರು. ನಾವೂ ಹಾಗೇ ಕರೆಯೋಣ, ಬೇರೆ ಹೆಸರು ಇಲ್ಲಿ ಯಾರಿಗೂ ನೆನಪಿಲ್ಲ.

ಆಗ ಊರಿಗೆ ಊರೇ ಜಲ್ಲಿ ಕಂಪನಿಯದು. ಹಿಂದಿನ ಗುಡ್ಡದಲ್ಲಿ ಕಲ್ಲು ಒಡೆದು, ಯಂತ್ರದಲ್ಲಿ ಪುಡಿಮಾಡಿ, ದಕ್ಕೆಯ ನೆತ್ತಿಯ ಮೇಲೆ ಸಾಲಾಗಿ ಕಟ್ಟಿದ್ದ ಐದು ದೊಡ್ಡ ಇಟ್ಟಿಗೆ ಗೂಡುಗಳಿಗೆ ಸುರಿಯುತ್ತಿದ್ದರು. ಹಡಗು ಬಂದು ಕೆಳಗೆ ನಿಂತಾಗ ಹ್ಯಾಂಡಲ್ ಎಳೆದರೆ ಗೂಡಿನ ತಳದ ಬಾಗಿಲು ತೆರೆದು, ಜಲ್ಲಿ ಭೋರೆಂದು ಹಡಗಿನ ಹೊಟ್ಟೆಗೆ ಬೀಳುತ್ತಿತ್ತು. ಎಳೆಯುವ ಕೆಲಸ ಹ್ಯಾಂಡ್ಲಣ್ಣನದು. ಕೆಲವು ಸಲ ಜಲ್ಲಿ ಗೂಡಿನೊಳಗೇ ಕಟ್ಟಿಕೊಳ್ಳುತ್ತಿತ್ತು. ಆಗ ಒಬ್ಬ ಹಗ್ಗ ಹಿಡಿದು ಒಳಗಿಳಿದು ಹಾರೆಯಿಂದ ಮೀಟಿ ಬಿಡಿಸಬೇಕು. ಇಳಿಯುವ ಮೊದಲು ಹ್ಯಾಂಡಲ್ ಕೋಣೆಗೆ ಬಂದು ತನ್ನ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ಅಲ್ಲಿನ ಹಲಗೆಯ ಕೊಕ್ಕೆಗೆ ಹಾಕಬೇಕು. ಬಿಲ್ಲೆ ನೇತಾಡುತ್ತಿದ್ದರೆ ಒಳಗೆ ಜೀವವಿದೆ ಎಂದರ್ಥ. ಹಲಗೆ ಖಾಲಿ ಇದೆ ಎಂದು ಹಾಗೇ ಎಳೆಯುವಂತೆಯೂ ಇಲ್ಲ. ಬಾಗಿಲಲ್ಲಿ ತೂಗುಹಾಕಿದ ರೈಲುಹಳಿಯ ತುಂಡಿಗೆ ಸುತ್ತಿಗೆಯಿಂದ ಮೂರು ಸಲ ಹೊಡೆದು ಇಪ್ಪತ್ತು ಎಣಿಸಬೇಕು. ಯಾರಾದರೂ ಒಳಗಿದ್ದರೆ ಹಾರೆಯಿಂದ ಗೋಡೆಗೆ ಎರಡು ಸಲ ಕುಟ್ಟಿ ತಿಳಿಸುತ್ತಾರೆ. ಬಿಲ್ಲೆ ಕಣ್ಣಿಗೆ, ಹಳಿ ಕಿವಿಗೆ. ಒಂದು ತಪ್ಪಿದರೂ ಇನ್ನೊಂದು ಕಾಯಬೇಕು.

ಆ ದಿನ ಎರಡೂ ತಪ್ಪಿದವು. ಮಧ್ಯಾಹ್ನದ ಊಟದ ಹೊತ್ತು. ನೀರು ಇಳಿಯುತ್ತಿತ್ತು, ಇನ್ನು ಕಾಲು ಗಂಟೆ ಕಳೆದರೆ ಹಡಗಿನ ತಳ ಕೆಸರಿಗೆ ಕೂರುತ್ತದೆ ಎಂದು ಕಪ್ತಾನ ದಕ್ಕೆಯಲ್ಲಿ ನಿಂತು ಕೂಗಾಡುತ್ತಿದ್ದ. ಹ್ಯಾಂಡ್ಲಣ್ಣ ಕೆಳಗೆ ಹೋಗಿ ಅವನಿಂದ ಬೈಸಿಕೊಂಡು, ಮೆಟ್ಟಿಲು ಹತ್ತಿ ಓಡಿಬಂದ. ಹಲಗೆ ನೋಡಿದ, ಖಾಲಿ. ಸುತ್ತಿಗೆ ಪಕ್ಕದಲ್ಲೇ ಇತ್ತು. ಮುಟ್ಟಲಿಲ್ಲ. ಹ್ಯಾಂಡಲ್ ಎಳೆದ. ಒಳಗೆ ಹದಿನೇಳನೇ ನಂಬರಿನವನಿದ್ದ. ಇವನ ಜೊತೆ ಒಂದೇ ಬೀಡಿ ಹಂಚಿಕೊಂಡು ಸೇದುತ್ತಿದ್ದ, ಎಲ್ಲ ಬಾಗಿಲಿಗೂ ತಲೆ ತಾಗಿಸಿಕೊಳ್ಳುತ್ತಿದ್ದ ಉದ್ದಣ್ಣ. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ, ಹೆಂಡತಿಗೆ ಮೂರು ತಿಂಗಳು.

ವಿಚಾರಣೆಗೆ ಬಂದ ಸಾಹೇಬರ ಮುಂದೆ ಹ್ಯಾಂಡ್ಲಣ್ಣ ಎರಡು ಮಾತು ಹೇಳಿದ. ಹಲಗೆ ಖಾಲಿ ಇತ್ತು. ಹಳಿ ಹೊಡೆದೆ, ಉತ್ತರ ಬರಲಿಲ್ಲ. ಮೊದಲನೆಯದು ನಿಜ, ಎರಡನೆಯದು ಸುಳ್ಳು. ಸತ್ತವನು ಎದ್ದು ಬಂದು ಇಲ್ಲ ಎನ್ನುವಂತಿರಲಿಲ್ಲ. ಬಿಲ್ಲೆ ಹಾಕದೆ ಇಳಿದದ್ದು ಅವನದೇ ಅಜಾಗರೂಕತೆ ಎಂದು ಬರೆದು ಸಾಹೇಬರು ಎದ್ದು ಹೋದರು. ಮೂರು ವಾರಕ್ಕೆ ಹ್ಯಾಂಡ್ಲಣ್ಣನೂ ಊರು ಬಿಟ್ಟ. ಅವತ್ತು ಎದ್ದವನು ಮತ್ತೆ ಸರಿಯಾಗಿ ಕೂತದ್ದಿಲ್ಲ.

ಕಾರಿನಿಂದ ಇಳಿದ ಮೇಲೆ ಅವನಿಗೆ ಮೊದಲು ಅಚ್ಚರಿಯಾದದ್ದು ಬಣ್ಣ ನೋಡಿ. ಅವನ ಕಾಲದಲ್ಲಿ ಊರೆಲ್ಲ ಬಿಳಿ ಬೂದಿ; ಕಲ್ಲಿನ ದೂಳು ಚಾವಣಿಯ ಮೇಲೆ, ಒಣಗಿಸಿದ ಬಟ್ಟೆಯ ಮೇಲೆ, ಮಕ್ಕಳ ರೆಪ್ಪೆಯ ಮೇಲೆ. ಈಗ ಮನೆಗಳು ಹಳದಿ, ನೀಲಿ, ಗುಲಾಬಿ. ಮುದಿಮುಖಕ್ಕೆ ಪೌಡರು ಬಳಿದ ಹಾಗೆ ಅನ್ನಿಸಿತು. ಮ್ಯಾನೇಜರ ಬಂಗಲೆಗೆ ವಸತಿಗೃಹದ ಬೋರ್ಡು ಬಂದಿತ್ತು. ತೂಕದ ಕೋಣೆಯಲ್ಲಿ ಚಹಾದಂಗಡಿ, ಹಡಗು ಕಟ್ಟುತ್ತಿದ್ದ ಕಬ್ಬಿಣದ ಗೂಟಗಳ ಮೇಲೆ ಫೋಟೋ ತೆಗೆಸಿಕೊಳ್ಳುವ ಜನ. ಐದು ಗೂಡುಗಳು ಮಾತ್ರ ಬಣ್ಣ ಬಳಿಸಿಕೊಳ್ಳದೆ ಹಾಗೇ ಗುಡ್ಡಕ್ಕೆ ಬೆನ್ನು ಕೊಟ್ಟು ನಿಂತಿದ್ದವು.

ಮಗಳು ಚಹಾದಂಗಡಿಗೆ ಕರೆದುಕೊಂಡು ಹೋದಳು. ಅವನು ಕಿಟಕಿಯ ಪಕ್ಕ ಕೂತ, ಎದ್ದು ಬಾಗಿಲ ಪಕ್ಕ ಕೂತ, ಅಲ್ಲಿ ಗಾಳಿ ಎಂದು ಮತ್ತೆ ಎದ್ದ. “ಸಂಗೀತ ಕುರ್ಚಿ ಆಡ್ತಾ ಇದೀಯಾ?” ಎಂದು ಮಗಳು ಕೇಳಿದಳು. ಅಷ್ಟರಲ್ಲಿ ಅಂಗಡಿಯ ಹೆಂಗಸಿನ ಮೊಮ್ಮಗಳು, ಆರೇಳು ವರ್ಷದ್ದು, ಚಪ್ಪಲಿ ಮೆಟ್ಟಿ ನೀರಿನ ಕಡೆ ಓಡಿತು. ಒಳಗಿನಿಂದ ಅಜ್ಜಿ ಕೂಗಿದಳು:

“ಏಯ್, ಬಿಲ್ಲೆ ಹಾಕಿ ಹೋಗೇ.”

ಹ್ಯಾಂಡ್ಲಣ್ಣ ಲೋಟ ಕೆಳಗಿಟ್ಟ. ಹಾಗಂದರೇನು ಎಂದು ಮಗಳು ಕುತೂಹಲದಿಂದ ಕೇಳಿದಳು. ಎಲ್ಲಿಗೆ ಹೋಗ್ತೀನಿ ಅಂತ ಹೇಳಿ ಹೋಗು ಅಂತ ಅರ್ಥ, ನಮ್ಮೂರಲ್ಲಿ ಹಾಗೇ ಹೇಳೋದು ಎಂದಳು ಹೆಂಗಸು. ತಾನು ಈ ಊರಿಗೆ ಸೊಸೆಯಾಗಿ ಬಂದದ್ದು ಆಮೇಲೆ, ಆದರೆ ಕತೆ ಗೊತ್ತು: ಹಿಂದೆ ಒಬ್ಬ ಮರೆಗುಳಿ ಬಿಲ್ಲೆ ಹಾಕದೆ ಗೂಡಿಗೆ ಇಳಿದು ಜೀವ ಕಳೆದುಕೊಂಡನಂತೆ. ಊರಲ್ಲಿ ಯಾರು ಹೇಳದೆ ಕೇಳದೆ ಹೋದರೂ “ಉದ್ದಣ್ಣನ ಹಾಗೆ ಹೋದ” ಎನ್ನುತ್ತಾರಂತೆ. ಮಕ್ಕಳಿಗೆ ಬುದ್ಧಿ ಹೇಳಲು ಒಳ್ಳೆಯದಾಯಿತು ಎಂದು ನಕ್ಕಳು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹ್ಯಾಂಡ್ಲಣ್ಣ ನಿಜಕ್ಕೂ ಹೆಗಲ ಮೇಲೆ ಕೈಯಾಡಿಸಿಕೊಂಡ. ತಾನು ಹೇಳಿದ ಸುಳ್ಳು ಒಂದು ಕಾಗದಕ್ಕೆ ಸೇರಿ, ಯಾವುದೋ ಕಪಾಟಿನಲ್ಲಿ ಗೆದ್ದಲು ಹಿಡಿದು ಹೋಗಿರುತ್ತದೆ ಎಂದುಕೊಂಡಿದ್ದ. ಅದು ಇಲ್ಲಿ ಬೆಳೆದು ದೊಡ್ಡದಾಗಿ, ಮಕ್ಕಳ ಬಾಯಿಗೂ ಬಂದಿತ್ತು. ಚಹಾ ಅರ್ಧಕ್ಕೆ ಬಿಟ್ಟು ಎದ್ದ.

ಗೂಡುಮನೆ ಈಗ ಮ್ಯೂಸಿಯಂ, ಒಳಗೆ ಹೋಗಲು ಟಿಕೆಟ್ಟು. ಬಾಗಿಲಲ್ಲಿ ನಲವತ್ತರ ಒಬ್ಬ ಎತ್ತರದ ಗಂಡಸು ನಿಂತು ಬಂದವರನ್ನು ಒಳಗೆ ಬಿಡುತ್ತಿದ್ದ. ತಾನೇ ಗೈಡು, ತಾನೇ ಕಾವಲು, ಕಸ ಗುಡಿಸುವವನೂ ತಾನೇ ಎಂದು ತಮಾಷೆಯಾಗಿ ಪರಿಚಯ ಮಾಡಿಕೊಂಡ. “ಬನ್ನಿ ಯಜಮಾನ್ರೇ, ತಲೆ ಜೋಪಾನ” ಎಂದವನು, ಹೇಳಿದ ಮರುಗಳಿಗೆಯಲ್ಲಿ ತನ್ನ ಹಣೆಯನ್ನೇ ಬಾಗಿಲ ಮೇಲಿನ ಮರಕ್ಕೆ ತಾಗಿಸಿಕೊಂಡ. ಯಾರ ಮಗ ಎಂದು ಹ್ಯಾಂಡ್ಲಣ್ಣ ಕೇಳುವ ಅಗತ್ಯವೇ ಇರಲಿಲ್ಲ.

ಹ್ಯಾಂಡಲ್ ಕೋಣೆ ಹಾಗೇ ಇತ್ತು. ಗ್ರೀಸು ಬಳಿದು ಹೊಳೆಯಿಸಿದ್ದ ಹ್ಯಾಂಡಲ್, ತೂಗುವ ಹಳಿ, ಅದರ ಪಕ್ಕ ಹಗ್ಗದಲ್ಲಿ ಕಟ್ಟಿದ ಸುತ್ತಿಗೆ. ಗೋಡೆಯ ಹಲಗೆಯಲ್ಲಿ ಇಪ್ಪತ್ತನಾಲ್ಕು ಕೊಕ್ಕೆ. ಊರವರು ಮನೆಮನೆಯಿಂದ ತಂದುಕೊಟ್ಟ ಇಪ್ಪತ್ತಮೂರು ಬಿಲ್ಲೆ. ಹದಿನೇಳನೆಯದು ಖಾಲಿ.

ಗೈಡು ಬಿಲ್ಲೆಯ ನಿಯಮ ಹೇಳಿದ, ಹಳಿಯ ನಿಯಮ ಹೇಳಿದ, ಒಂದು ಮಗುವನ್ನು ಎತ್ತಿಕೊಂಡು ಹಳಿಗೆ ಮೂರು ಸಲ ಹೊಡೆಸಿದ. ಎರಡನೇ ಏಟಿಗೇ ಹ್ಯಾಂಡ್ಲಣ್ಣ ಗೋಡೆ ಹಿಡಿದುಕೊಂಡಿದ್ದ. ಆಮೇಲೆ ಗೈಡು ಖಾಲಿ ಕೊಕ್ಕೆಗೆ ಬೆರಳಿಟ್ಟು, ದಿನಕ್ಕೆ ಹತ್ತು ಸಲ ಹೇಳಿ ನುಣುಪಾದ ದನಿಯಲ್ಲಿ ಹೇಳಿದ:

“ಇದು ನಮ್ಮಪ್ಪಂದು. ನಾನು ಹುಟ್ಟೋಕೆ ಮುಂಚೆಯೇ ಹೋದ್ರು. ಸುಮ್ನೆ ಹೊಗಳಲ್ಲ, ತಪ್ಪು ಅವರದ್ದೇ. ಬಿಲ್ಲೆ ಹಾಕ್ಲಿಲ್ಲ, ಹಳಿ ಹೊಡೆದಾಗ ಉತ್ತರಾನೂ ಕೊಡ್ಲಿಲ್ಲ. ಬಿಲ್ಲೆ ಜೇಬಲ್ಲೇ ಇತ್ತೇನೋ, ಜಲ್ಲಿ ಜೊತೆ ಹಡಗಿಗೆ ಹೋಗಿ, ಈಗ ಯಾವೂರಿನ ರಸ್ತೆ ಕೆಳಗಿದೆಯೋ.”

ಜನ ಅಯ್ಯೋ ಪಾಪ ಎಂದರು. ನಿಮ್ಮಮ್ಮ ಇದ್ದಾರಾ ಎಂದು ಮಗಳು ಕೇಳಿದಳು. ಎದುರಿನ ನೀಲಿ ಮನೆ, ಪ್ರವಾಸಿಗರಿಗೆ ಎರಡು ರೂಮು ಬಾಡಿಗೆಗೆ ಕೊಡುತ್ತಾರೆ, ಆದರೆ ಇಲ್ಲಿಯವರೆಗೆ ಈ ಹೊಸ್ತಿಲು ದಾಟಿಲ್ಲ ಎಂದ ಅವನು. ಮಗಳು ಹಿಂದೆ ತಿರುಗಿ ಅಪ್ಪನನ್ನು ನೋಡಿದಳು. ಅಪ್ಪ ಇರಲಿಲ್ಲ.

ನೀಲಿ ಮನೆಯ ಸುತ್ತ ಅವನು ಎರಡು ಸುತ್ತು ಹಾಕಿದ. ಮೂರನೇ ಸಲ ದಕ್ಕೆಯ ತುದಿಯವರೆಗೆ ಹೋಗಿ, ಇನ್ನು ಮುಂದೆ ನೀರೇ ಎಂದು ವಾಪಸು ಬಂದ. ನಾಳೆ ಕಾಗದ ಬರೆದರಾಯಿತು ಎಂದುಕೊಂಡ. ನಲವತ್ತೊಂದು ವರ್ಷದಿಂದ ಬರೆಯದ ಕಾಗದವನ್ನು ನಾಳೆ ಬರೆಯುವ ಗಂಡಸು ನೀನೇನಾ ಎಂದು ತನ್ನನ್ನೇ ಬೈದುಕೊಂಡ. ಬಾಗಿಲ ಮುಂದೆ ನಿಂತು ಮೂರು ಸಲ ಬಡಿದ. ತುಟಿಯಲ್ಲಿ ಎಣಿಕೆ ತಾನಾಗಿ ಶುರುವಾಯಿತು. ಹನ್ನೆರಡಕ್ಕೆ ಒಳಗಿನಿಂದ ಬಾಗಿಲು ತೆರೆಯದೆಯೇ ದನಿ ಬಂತು:

“ಇಪ್ಪತ್ತಾಗೋವರೆಗೂ ಹೊರಗೇ ನಿಂತಿರ್ತೀರಾ ಅಣ್ಣಾ? ಬನ್ನಿ, ಚಿಲಕ ಹಾಕಿಲ್ಲ.”

ಅವಳು ಉದ್ದನೆಯ ಮೇಜಿನ ಮುಂದೆ ಹಾಸಿಗೆಯ ಚಾದರಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಆಗ ಇಪ್ಪತ್ತೆರಡರ ಹುಡುಗಿ, ತಂಗಿ ಎಂದು ಕರೆಯುತ್ತಿದ್ದ. ಈಗ ಹಾಗೆ ಕರೆಯುವ ಹಕ್ಕಿದೆಯೋ ಇಲ್ಲವೋ ತಿಳಿಯದೆ ಏನೂ ಕರೆಯದೆ ನಿಂತ. ಮೂರು ಸಲ ಬಡಿದು ಕಾಯುವವರು ಹೊರಗಿನವರಾಗಿರಲು ಸಾಧ್ಯವಿಲ್ಲ, ಗೂಡಿನಲ್ಲಿ ದುಡಿದ ಗಂಡಸರಲ್ಲಿ ಊರಲ್ಲಿ ಉಳಿದವರು ಇಬ್ಬರೋ ಮೂವರೋ, ಅವರಿಗೆ ಮಂಚ ಬಿಟ್ಟೇಳಲು ಆಗುವುದಿಲ್ಲ, ಅದಕ್ಕೇ ಗೊತ್ತಾಯಿತು ಎಂದಳು. ಕುರ್ಚಿ ತೋರಿಸಿದಳು. ಅವನು ಕೂತು, ಎದ್ದ. ಹೀಗೆ ಎದ್ದು ಓಡಾಡುವುದಾದರೆ ಸುಮ್ಮನೆ ಯಾಕೆ, ಚಾದರದ ಆ ತುದಿ ಹಿಡಿಯಿರಿ ಎಂದು ಎರಡು ಮೂಲೆ ಅವನ ಕೈಗೆ ಕೊಟ್ಟಳು.

ಇಬ್ಬರೂ ಚಾದರ ಜಗ್ಗಿ ಹಿಡಿದರು. ಮಡಿಸಲು ಎದುರುಬದುರು ನಡೆದು ಬಂದು ಮೂಲೆಗೆ ಮೂಲೆ ಸೇರಿಸಬೇಕು, ಮತ್ತೆ ಹಿಂದೆ ಹೋಗಬೇಕು. ಮೊದಲ ಚಾದರ ಮುಗಿಯುವವರೆಗೆ ಅವಳು ರೂಮುಗಳ ವಿಷಯ ಹೇಳಿದಳು, ಅವನು ಹೂಂಗುಟ್ಟಿದ. ಎರಡನೆಯದರ ಅರ್ಧಕ್ಕೆ, ಮೂಲೆ ಕೊಡಲು ಅವಳ ಹತ್ತಿರ ಬಂದಾಗ, ಅವನ ಬಾಯಿಂದ ಆ ಮೂರು ಪದ ಬಂದವು.

“ಹಳಿ ಹೊಡೀಲಿಲ್ಲ ನಾನು.”

ಅವಳು ಮೂಲೆ ತೆಗೆದುಕೊಳ್ಳಲಿಲ್ಲ. ಅವನು ಉಳಿದದ್ದನ್ನೂ ಹೇಳಿದ: ಕಪ್ತಾನನ ಕೂಗಾಟ, ಇಳಿಯುವ ನೀರು, ಪಕ್ಕದಲ್ಲೇ ಇದ್ದ ಸುತ್ತಿಗೆ, ಸಾಹೇಬರ ಮುಂದೆ ಹೇಳಿದ ಸುಳ್ಳು. ಹೇಳಿ ಮುಗಿಸಿ, ಬೈಗುಳಕ್ಕೋ ಏಟಿಗೋ ಕಾದ.

“ಇನ್ನೊಂದ್ ಸಲ ಹೇಳಿ” ಎಂದಳು.

ಹೇಳಿದ.

ಅವಳು ಮೇಜಿಗೆ ಒರಗಿ ನಿಂತು, ಸೆರಗಿನಿಂದಲ್ಲ, ಆ ಹೊಸ ಇಸ್ತ್ರಿ ಮಾಡಿದ ಚಾದರದಿಂದಲೇ ಮುಖ ಮುಚ್ಚಿಕೊಂಡಳು. ತುಂಬ ಹೊತ್ತು ಅತ್ತಳು. ಅಳು ನಿಂತ ಮೇಲೆ ಅವಳ ಮುಖದಲ್ಲಿದ್ದದ್ದು ಸಿಟ್ಟು.

“ಅವತ್ತು ಬೆಳಿಗ್ಗೆ ನಾನೂ ಅವರೂ ಜಗಳ ಆಡಿದ್ವಿ. ನಿಮ್ಮನ್ನ ಕಟ್ಕೊಂಡು ಸುಖ ಇಲ್ಲ ಅಂದಿದ್ದೆ. ಆಮೇಲೆ ಊರೆಲ್ಲ ಹೇಳ್ತು, ಹ್ಯಾಂಡ್ಲಣ್ಣ ಹಳಿ ಹೊಡೆದ್ರು, ಇವರು ಉತ್ತರ ಕೊಡ್ಲಿಲ್ಲ ಅಂತ. ಕಿವಿ ಚೆನ್ನಾಗಿತ್ತು ಅವರಿಗೆ. ಕೈಯಲ್ಲಿ ಹಾರೆ ಇತ್ತು. ಯಾಕೆ ಕುಟ್ಲಿಲ್ಲ? ಕೇಳಿಸ್ಕೊಂಡೂ ಸುಮ್ನೆ ಕೂತ್ರಾ? ನನ್ನ ಮಾತಿಗೆ ಕೂತ್ರಾ? ನಲವತ್ತೊಂದು ವರ್ಷ ಅಣ್ಣಾ. ಹಗಲೂ ರಾತ್ರಿ ಇದೇ.”

ಹ್ಯಾಂಡ್ಲಣ್ಣ ತನ್ನ ಸುಳ್ಳನ್ನು ಎಷ್ಟೋ ಬಗೆಯಲ್ಲಿ ತೂಗಿ ನೋಡಿದ್ದ. ಅದು ಹೀಗೆ ಬಂದು ಒಂದು ಹೆಣ್ಣಿನ ಎದೆಯಲ್ಲಿ ಮನೆ ಕಟ್ಟಿಕೊಂಡಿರಬಹುದು ಎಂಬುದು ಅವನ ತಲೆಗೆ ಒಂದು ದಿನವೂ ಬಂದಿರಲಿಲ್ಲ. ಅವನಿಗೆ ನಾಚಿಕೆಯಾಯಿತು. ಇಷ್ಟು ವರ್ಷ ತಾನು ಪಟ್ಟದ್ದು ಬರೀ ತನ್ನ ಸಂಕಟ.

ಅವಳು ಒಳಗೆ ಹೋದಳು. ಕಪಾಟಿನ ಬಾಗಿಲು ಕಿರುಗುಟ್ಟಿತು. ಹೊರಗೆ ಬಂದು ಅಂಗೈ ಬಿಚ್ಚಿದಳು. ಹಿತ್ತಾಳೆ ಬಿಲ್ಲೆ, ಉಜ್ಜಿ ಉಜ್ಜಿ ಅಂಚು ಸವೆದದ್ದು. ಹದಿನೇಳು.

“ಅವರು ಬಿಲ್ಲೆ ಹಾಕಿಯೇ ಇಳಿದಿದ್ರು. ತೆಗೆದವಳು ನಾನು” ಎಂದಳು.

ಆ ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಬಂದಾಗ ಹ್ಯಾಂಡಲ್ ಕೋಣೆಯಲ್ಲಿ ಯಾರೂ ಇರಲಿಲ್ಲವಂತೆ. ಊಟದ ಸೈರನ್ ಆಗಿತ್ತು, ಗಂಡಸರೆಲ್ಲ ಮೆಟ್ಟಿಲಿಳಿದು ಹೋಗುತ್ತಿದ್ದರು. ಹಲಗೆಯಲ್ಲಿ ಹದಿನೇಳು ಒಂದೇ ನೇತಾಡುತ್ತಿತ್ತು. ಉದ್ದಣ್ಣನಿಗೆ ಹೊರಗೆ ಬಂದ ಮೇಲೆ ಬಿಲ್ಲೆ ಮರೆತು ಹೋಗುವ ಚಾಳಿ. ಆ ತಿಂಗಳಲ್ಲೇ ಎರಡು ಸಲ ಮರೆತು, ಹಡಗು ಅರ್ಧ ಗಂಟೆ ಕಾದು, ಗಲಾಟೆಯಾಗಿತ್ತು. ಇವತ್ತೂ ಮರೆತಿದ್ದಾರೆ, ಬೆಳಿಗ್ಗೆ ಜಗಳ ಬೇರೆ ಆಡಿದ್ದೇನೆ, ಇನ್ನೊಬ್ಬರ ಬಾಯಿಂದ ಬೈಸಿಕೊಳ್ಳುವುದು ಬೇಡ ಎಂದು ತೆಗೆದು ಸೆರಗಿಗೆ ಕಟ್ಟಿಕೊಂಡಳು. ಊಟದ ಜೊತೆ ಕೊಡೋಣ ಎಂದು ಕೆಳಗೆ ಹುಡುಕಿಕೊಂಡು ಹೋದಳು. ಅವನು ಊಟಕ್ಕೆ ಇಳಿದಿರಲಿಲ್ಲ. ಇನ್ನೊಂದು ಚೂರು ಬಿಡಿಸಿ ಬರುತ್ತೇನೆ ಎಂದು ಒಳಗೇ ಉಳಿದಿದ್ದ.

“ಬಿಲ್ಲೆ ಹಾಕಿದ್ರು ಅಂತ ನಾನು ಹೇಳಿದ್ರೆ, ಮತ್ತೆ ಹಳಿಗೆ ಯಾಕೆ ಉತ್ತರ ಕೊಡ್ಲಿಲ್ಲ ಅಂತ ಕೇಳ್ತಿದ್ರು. ಬೇಕೂಂತಲೇ ಸತ್ತ ಅಂತಿದ್ರು. ಹುಟ್ಟೋ ಮಗೂಗೆ ಅಪ್ಪ ಮರೆಗುಳಿ ಅನ್ನೋದೇ ವಾಸಿ ಅಂತ ಬಾಯಿ ಮುಚ್ಕೊಂಡೆ.”

ಹ್ಯಾಂಡ್ಲಣ್ಣ ಬಿಲ್ಲೆಯನ್ನೇ ನೋಡುತ್ತಿದ್ದ. ತಾನು ಹಳಿ ಹೊಡೆದಿದ್ದರೆ ಅವಳು ತೆಗೆದದ್ದೂ ಒಂದು ನಗೆಯ ಕತೆಯಾಗಿ ಉಳಿಯುತ್ತಿತ್ತು. ಅದನ್ನು ಅವಳಿಗೆ ಹೇಳಿದ. ನಿನ್ನದೇನೂ ತಪ್ಪಿಲ್ಲ, ಇನ್ನೊಬ್ಬರ ಬಿಲ್ಲೆ ಮುಟ್ಟಬಾರದು ಎಂದು ಹೊಸದಾಗಿ ಬಂದ ಹುಡುಗಿಗೆ ಯಾರು ಹೇಳಿಕೊಡಬೇಕಿತ್ತು ಎಂದ.

ಅವಳು ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಆರಿಸಿದಳು. ವೈರು ಸುತ್ತಿದಳು. ಹೇಳಬೇಕೋ ಬೇಡವೋ ಎಂದು ಅವಳು ತೂಗುತ್ತಿರುವುದು ಅವನಿಗೂ ಕಂಡಿತು.

“ಹೇಳಿಕೊಟ್ಟಿದ್ರಲ್ಲ ಅಣ್ಣಾ, ನೀವೇ” ಎಂದಳು ಮೆಲ್ಲಗೆ. “ಅದಕ್ಕೆ ನಾಲ್ಕು ದಿನ ಮುಂಚೆ. ಡಬ್ಬಿ ತಂದಿದ್ದೆ. ನಿನ್ನ ಗಂಡ ಬಿಲ್ಲೆ ಬಿಟ್ಟು ಹೋಗಿ ನನ್ನ ತಲೆ ತಿಂತಾನೆ, ಇನ್ಮೇಲೆ ನೇತಾಡ್ತಿರೋದು ಕಂಡ್ರೆ ನೀನೇ ತೆಗೆದು ಅನ್ನದ ಜೊತೆ ಬಡಿಸು, ಆಗಲಾದ್ರೂ ಬುದ್ಧಿ ಬರುತ್ತೆ ಅಂದ್ರಿ. ಎಲ್ಲ ನಕ್ಕಿದ್ರು.”

ಅವನಿಗೆ ನೆನಪಿರಲಿಲ್ಲ. ಎಷ್ಟು ಕೆದಕಿದರೂ ನೆನಪಾಗಲಿಲ್ಲ. ಅಂಥ ಮಾತು ದಿನಕ್ಕೆ ನೂರು ಆಡುತ್ತಿದ್ದ ಕಾಲ ಅದು. ಆದರೆ ಆ ಮಾತಿನ ಧಾಟಿ, ಅನ್ನದ ಜೊತೆ ಬಡಿಸು ಎನ್ನುವ ಕುಹಕ, ಅದು ತನ್ನದೇ ಎಂದು ಅವನಿಗೆ ಗೊತ್ತಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡಿದವನ ತಲೆಯಿಂದಲೂ ಹೋಗಿತ್ತು. ಕೇಳಿದವಳು ಮಾತ್ರ ಅದನ್ನು ಬಿಲ್ಲೆಯ ಜೊತೆ ಮಡಿಸಿ ಇಟ್ಟುಕೊಂಡಿದ್ದಳು, ಯಾರಿಗೂ ಹೇಳಿರಲಿಲ್ಲ. ಒಂದು ತಪ್ಪು ಒಪ್ಪಿಸಲು ಬಂದವನ ಕೈಗೆ ಇನ್ನೊಂದು ಬಂತು. ಕೂರಬೇಕೆಂದುಕೊಂಡ. ಕುರ್ಚಿ ಎಲ್ಲಿದೆ ಎಂದು ಕಾಣಲಿಲ್ಲ.

“ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ತಂಗಿ?” ಎಂದ.

“ತೆಗೆದ ಕೈ ನಂದಲ್ವಾ” ಎಂದಳು. ಚಪ್ಪಲಿ ಮೆಟ್ಟಿದಳು. “ಬನ್ನಿ. ಅವನು ಮೂರು ಗಂಟೆಯ ಗುಂಪಿಗೆ ಶುರುಮಾಡಿರ್ತಾನೆ. ಇವತ್ತು ಆ ಕತೆ ಅವನ ಬಾಯಿಂದ ಬರಬಾರದು.”

ಅಂಗಳ ದಾಟಲು ಇಪ್ಪತ್ತು ಹೆಜ್ಜೆಯೂ ಇರಲಿಲ್ಲ. ಅಷ್ಟರಲ್ಲಿ ಅವಳು ಎರಡು ಸಲ ನಿಂತಳು, ಅವನು ಮೂರು ಸಲ ನಿಂತ. ಬಾಗಿಲಲ್ಲಿ ಅವನ ಮಗಳು, ಊರೆಲ್ಲ ಹುಡುಕಿ ಸುಸ್ತಾಗಿ, ಬಿಲ್ಲೆ ಹಾಕದೆ ಎಲ್ಲಿ ಹೋಗಿದ್ದೆ ಎಂದು ಈಗಷ್ಟೇ ಕಲಿತ ಮಾತಿನಲ್ಲಿ ಗದರಿದಳು. ಅಪ್ಪನ ಮುಖ ನೋಡಿ ಅಲ್ಲೇ ನಿಲ್ಲಿಸಿದಳು.

ಒಳಗೆ ಏಳೆಂಟು ಜನ. ಗೈಡು ಖಾಲಿ ಕೊಕ್ಕೆಗೆ ಬೆರಳಿಟ್ಟು, “ಇದು ನಮ್ಮಪ್ಪಂದು” ಎಂದವನು, ಹೊಸ್ತಿಲು ದಾಟಿ ಬರುತ್ತಿದ್ದ ತಾಯಿಯನ್ನು ಕಂಡು ಬಾಯಿ ತೆರೆದುಕೊಂಡೇ ಉಳಿದ. ಅವಳು ಯಾರನ್ನೂ ನೋಡದೆ ನೇರ ಹಲಗೆಯ ಹತ್ತಿರ ಹೋಗಿ, ಮಗನ ಬೆರಳನ್ನು ಪಕ್ಕಕ್ಕೆ ಸರಿಸಿ, ಬಿಲ್ಲೆಯನ್ನು ಕೊಕ್ಕೆಗೆ ಹಾಕಿದಳು. ಅದು ಎರಡು ಸಲ ತೂಗಾಡಿ ನಿಂತಿತು.

“ನಿಮ್ಮಪ್ಪ ಬಿಲ್ಲೆ ಹಾಕಿ ಹೋಗಿದ್ರು ಮಗಾ” ಎಂದಳು. “ಅವರು ಮರೆತಿರ್ಲಿಲ್ಲ. ತೆಗೆದವಳು ನಾನು.”

ಅಲ್ಲಿಗೆ ನಿಲ್ಲಿಸಿದಳು. ಮುಂದಿನದನ್ನು ಹೇಳಲಿಲ್ಲ, ಹ್ಯಾಂಡ್ಲಣ್ಣನ ಕಡೆ ತಿರುಗಿಯೂ ನೋಡಲಿಲ್ಲ. ಬೇಕಾಗಿದ್ದರೆ ಅವನು ಆ ಗಳಿಗೆಯಲ್ಲಿ ಹಿಂದಿನ ಬಾಗಿಲಿಂದ ಇಳಿದು, ಕಾರು ಹತ್ತಿ, ಹನ್ನೆರಡನೇ ಮನೆ ಹುಡುಕಿಕೊಂಡು ಹೋಗಬಹುದಿತ್ತು. ಕಾಲು ಅದಕ್ಕೆ ಸಿದ್ಧವಾಗಿಯೂ ಇತ್ತು, ಅವನ ಕಾಲು ಯಾವತ್ತೂ ಸಿದ್ಧ.

“ತೆಗಿ ಅಂತ ಹೇಳಿದವನು ನಾನು” ಎಂದ. ಎಲ್ಲರಿಗೂ ಕೇಳಿಸಿತು. “ಆಗ ಇಲ್ಲಿ ಹ್ಯಾಂಡಲ್ ಎಳೀತಿದ್ದವನು ನಾನೇ. ಹಳಿ ಹೊಡೆದೆ ಅಂತ ಹೇಳಿದ್ದು ಸುಳ್ಳು. ಹೊಡೀಲಿಲ್ಲ. ಹೊಡೆದಿದ್ರೆ ನಿಮ್ಮಪ್ಪ ಉತ್ತರ ಕೊಡ್ತಿದ್ರು.”

ಮಗಳು ಬಾಯಿಗೆ ಕೈ ಅಡ್ಡ ಹಿಡಿದಳು. ಮಿಕ್ಸಿ, ವಾಷಿಂಗ್ ಮಷೀನು, ಲಿಫ್ಟು, ಹನ್ನೊಂದು ಮನೆ, ಎಲ್ಲ ಅವಳ ಕಣ್ಣ ಮುಂದೆ ಸಾಲಾಗಿ ಬಂದು ನಿಂತವು. ಗೈಡು ತಾಯಿಯನ್ನು ನೋಡಿದ, ಬಿಲ್ಲೆಯನ್ನು ನೋಡಿದ, ಆಮೇಲೆ ಮುದುಕನನ್ನು ತುಂಬ ಹೊತ್ತು ನೋಡಿದ. ಹೊಡೆಯುತ್ತಾನೇನೋ ಎಂದು ಜನ ಹಿಂದೆ ಸರಿದರು. ಅವನು ಹೋಗಿ ಹಗ್ಗದಿಂದ ಸುತ್ತಿಗೆ ಬಿಚ್ಚಿಕೊಂಡು ಬಂದ. ಹಿಡಿಯ ಕಡೆಯನ್ನು ಹ್ಯಾಂಡ್ಲಣ್ಣನ ಮುಂದೆ ಚಾಚಿದ. ಅವನ ಕಣ್ಣಲ್ಲಿ ಕ್ಷಮೆಯೇನೂ ಇರಲಿಲ್ಲ.

“ಹೊಡೀರಿ” ಎಂದ.

ಹ್ಯಾಂಡ್ಲಣ್ಣ ಹೊಡೆದ. ಒಂದು, ಎರಡು, ಮೂರು. ಮಗುವಿನ ಕೈಯ ಏಟಲ್ಲ ಅದು, ಗೊತ್ತಿರುವ ಕೈಯದು. ದನಿ ಐದು ಗೂಡುಗಳನ್ನೂ ತುಂಬಿ ಹೊರಬಿತ್ತು. ಚಹಾದಂಗಡಿಯಲ್ಲಿ ಮಾತು ನಿಂತಿತು. ಎಲ್ಲೋ ಒಂದು ಮನೆಯಲ್ಲಿ ಒಬ್ಬ ಮುದುಕ ಮಂಚದ ಮೇಲೆ ಎದ್ದು ಕೂತು, ಯಾರಿದೀರಿ ಒಳಗೆ ಎಂದು ಕೇಳಿದನಂತೆ.

ಹ್ಯಾಂಡ್ಲಣ್ಣ ಸುತ್ತಿಗೆ ಹಿಡಿದು, ಗೂಡಿನ ಗೋಡೆಗೆ ಕಿವಿ ಕೊಟ್ಟು, ಈ ಸಲ ತುಟಿಯೊಳಗಲ್ಲ, ಬಾಯಿಬಿಟ್ಟು ಎಣಿಸಿದ. ಹದಿನೇಳಕ್ಕೆ ಅವನ ದನಿ ಹೋಯಿತು, ಅವಳು ಪಕ್ಕಕ್ಕೆ ಬಂದು ಹದಿನೆಂಟು ಎಂದಳು, ಅವನು ಮುಂದುವರಿಸಿದ. ಇಪ್ಪತ್ತಾಯಿತು. ಒಳಗಿನಿಂದ ಏನೂ ಕೇಳಿಸಲಿಲ್ಲ.

ಸಾಕು ಬಾ ಅಪ್ಪ ಎಂದು ಮಗಳು ತೋಳು ಹಿಡಿದಳು. ಅವನು ಕದಲಲಿಲ್ಲ. ಮತ್ತೆ ಒಂದರಿಂದ ಶುರುಮಾಡಿದ.